ನಾಲ್ಕು ಬಾಟಲಿ ಕೆಂಪೆಣ್ಣೆ

ಸುಬ್ರಹ್ಮಣ್ಯ ಅವರಿಗೆ ಯಾರ ಮೇಲೂ ಪೂರ್ತಿ ನಂಬಿಕೆ ಇರಲಿಲ್ಲ. ಅದೊಂದು ದೋಷ ಎಂದು ಅವರಿಗೆ ಯಾವತ್ತೂ ಅನ್ನಿಸಿಯೂ ಇರಲಿಲ್ಲ, ಏಕೆಂದರೆ ಮೂವತ್ತನಾಲ್ಕು ವರ್ಷ ಅದಕ್ಕೇ ಅವರಿಗೆ ಸಂಬಳ ಸಿಕ್ಕಿತ್ತು. ಲೇತ್ ಯಂತ್ರ ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿ ಅವರು ತಪಾಸಣೆ ವಿಭಾಗದವರು. ಬೇರೆಯವರು ಮಾಡಿಟ್ಟದ್ದರಲ್ಲಿ ಏನು ತಪ್ಪಿದೆ ಎಂದು ಹುಡುಕುವುದು ಕೆಲಸ. ಬೋಲ್ಟು ಸರಿಯಾಗಿ ಬಿಗಿಯಾಗಿದ್ದರೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತಿದ್ದರು. ಆಮೇಲೆ ಯಾರಾದರೂ ಆ ಬೋಲ್ಟನ್ನು ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ಒಡೆದು ಸಿಕ್ಕಿಬೀಳುತ್ತಿದ್ದರು.

ನಿವೃತ್ತರಾಗಿ ಆರು ವರ್ಷ ಕಳೆದರೂ ಆ ಹಳದಿ ಬಣ್ಣದ ಪುಟ್ಟ ಸೀಸೆ ಅವರ ಅಂಗಿ ಜೇಬಿನಲ್ಲೇ ಇತ್ತು. ಮನೆಯ ನೀರಿನ ಮೀಟರಿನ ಮೇಲೆ ಗೆರೆ, ಗ್ಯಾಸ್ ಸಿಲಿಂಡರಿನ ಮೇಲೆ ಗೆರೆ, ಒಮ್ಮೆ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೂ ಗೆರೆ. ಅದನ್ನು ಕಂಡ ದಿನ ಹೆಂಡತಿ ಪಂಕಜಾ, "ತಿಂದಿದ್ದು ನಾನೇ ಕಣ್ರೀ. ಏನು, ಕೇಸ್ ಹಾಕ್ತೀರಾ?" ಎಂದು ಕೇಳಿದ್ದರು. ಸುಬ್ರಹ್ಮಣ್ಯ ನಗಲಿಲ್ಲ. ಯಾರು ತಿಂದರೆಂದು ಗೊತ್ತಾದದ್ದು ಅವರಿಗೆ ಸಮಾಧಾನ ತಂದಿತ್ತು, ಅಷ್ಟೆ.

ಇಂಥ ಮನುಷ್ಯನ ಮನೆಯ ಕಾರು ಸೋರಲು ಶುರುವಾಯಿತು.

ಕಾರು ಪಂಕಜಾ ಅವರದು. ಅರವತ್ತೇಳನೇ ಇಸವಿಯ ಅಮೆರಿಕದ ಗಾಡಿ, ತಿಳಿನೀಲಿ ಬಣ್ಣ, ಬಡಾವಣೆಯವರ ಬಾಯಲ್ಲಿ ಅದಕ್ಕೆ ಹಡಗು ಎಂದೇ ಹೆಸರು. ಕಾರ್ಖಾನೆಗೆ ಕೆಲಸ ಹೇಳಿಕೊಡಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಹೊರಟಾಗ ಪಂಕಜಾ ಅವರ ತಂದೆ ಅದನ್ನು ಕೊಂಡಿದ್ದರು. ಕೊಂಡದ್ದು ಶೋಕಿಗಲ್ಲ. ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂದು ಪಂಕಜಾ ಅವರ ಎಡಗಾಲು ಸೊರಗಿತ್ತು. ಕ್ಲಚ್ ತುಳಿಯುವುದು ಆ ಕಾಲಿಗೆ ಆಗದ ಮಾತು. ಈ ಗಾಡಿಗೆ ಕ್ಲಚ್ಚೇ ಇಲ್ಲ, ಗೇರ್ ತಾನಾಗಿ ಬದಲಾಗುತ್ತದೆ, ಬಲಗಾಲೊಂದಿದ್ದರೆ ಸಾಕು. ಇಪ್ಪತ್ತನೇ ವಯಸ್ಸಿಗೆ ಕಲಿತು, ಮೂವತ್ತು ವರ್ಷ ದಾಸರಹಳ್ಳಿಯ ಶಾಲೆಗೆ ಗಣಿತ ಪಾಠ ಮಾಡಲು ಇದರಲ್ಲೇ ಹೋಗಿ ಬಂದಿದ್ದರು. ನಡೆಯುವಾಗ ರಸ್ತೆಯವರೆಲ್ಲ ಅವರ ಕಾಲು ನೋಡುತ್ತಿದ್ದರು, ಕಾರಿನಲ್ಲಿ ಹೋಗುವಾಗ ಕಾರು ನೋಡುತ್ತಿದ್ದರು. ಆ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಪಂಕಜಾ ಅವರಿಗೆ ಮಾತ್ರ ಗೊತ್ತು.

"ಈಗ ಎಲ್ಲ ಕಂಪನಿಯವ್ರೂ ಆಟೋಮ್ಯಾಟಿಕ್ ಮಾಡ್ತಾರೆ, ಹೊಸದೊಂದು ತಗೊಳ್ಳೋಣ" ಎಂದು ಸುಬ್ರಹ್ಮಣ್ಯ ಎರಡು ಸಲ ಹೇಳಿ ನೋಡಿದ್ದರು.

"ಬೇಡ. ಇದು ನಿಂತ ದಿನ ನಾನು ಓಡಿಸೋದೂ ನಿಲ್ಲಿಸ್ತೀನಿ" ಎಂದು ಅವರು ಎರಡು ಸಲವೂ ಹೇಳಿದ್ದರು. ಪಂಕಜಾ ಒಂದು ಮಾತು ಹೇಳಿದರೆ ಅದು ಕಪ್ಪು ಹಲಗೆಯ ಮೇಲೆ ಬರೆದ ಲೆಕ್ಕದ ಉತ್ತರವಿದ್ದ ಹಾಗೆ, ಅಳಿಸಿ ತಿದ್ದುವುದಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಶೆಡ್ಡಿನ ನೆಲದ ಮೇಲೆ ಅಂಗೈಯಗಲದ ಕೆಂಪು ಕಲೆ ಕಂಡಿತು. ಸುಬ್ರಹ್ಮಣ್ಯ ಬೆರಳಿಂದ ಮುಟ್ಟಿ, ಮೂಸಿ, ಗೇರ್‌ಬಾಕ್ಸಿನ ಎಣ್ಣೆ ಎಂದರು. ಈ ಬಗೆಯ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಯ ಬಣ್ಣವೇ ಕೆಂಪು. ತುಮಕೂರು ರಸ್ತೆಯ ದೊಡ್ಡ ಗ್ಯಾರೇಜಿನವರು ಬಂದು, ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಲು ಕಾರಿನಲ್ಲಿ ಎಲ್ಲೂ ಜಾಗ ಸಿಗದೆ ಕೈ ಚೆಲ್ಲಿ ಹೋದರು. ಕೊನೆಗೆ ಯಾರೋ ಯಮನಪ್ಪನ ಹೆಸರು ಹೇಳಿದರು.

ಯಮನಪ್ಪ ಕಾರಿನ ಮೆಕ್ಯಾನಿಕ್ಕೇ ಅಲ್ಲ. ಹುನಗುಂದದ ಕಡೆಯವನು, ಇಪ್ಪತ್ತು ವರ್ಷದ ಹಿಂದೆ ಗಾರೆ ಕೆಲಸಕ್ಕೆಂದು ಹೆಂಡತಿ ಬಸಕ್ಕನನ್ನು ಕಟ್ಟಿಕೊಂಡು ಬಂದವನು, ಈಗ ಪೀಣ್ಯ ಮೂರನೇ ಹಂತದ ಒಂದು ತಗಡಿನ ಶೆಡ್ಡಿನಲ್ಲಿ ಕಾರ್ಖಾನೆಗಳ ಹೈಡ್ರಾಲಿಕ್ ಪ್ರೆಸ್ ರಿಪೇರಿ ಮಾಡುತ್ತಿದ್ದ. ಎಣ್ಣೆಯ ಒತ್ತಡ, ಸೀಲು, ವಾಷರು ಅವನ ವಿದ್ಯೆ. ಕಾರನ್ನು ಸುತ್ತು ಹಾಕಿ ನೋಡಿ, "ಇದೂ ಒಂದ್ ಪ್ರೆಸ್ ಇದ್ದಂಗ ಐತ್ರಿ ಸಾಹೇಬ್ರ. ಎಣ್ಣಿ ಒತ್ತಿದ್ರ ಗೇರ್ ಬೀಳ್ತೈತಿ, ಬಿಟ್ರ ಇಲ್ಲ" ಎಂದ. ಕಾರಿನವನಲ್ಲದವನು ಕಾರಿಗೆ ಕೈ ಹಾಕುತ್ತಾನೆಂದರೆ ಸುಬ್ರಹ್ಮಣ್ಯ ಅವರ ಹುಬ್ಬು ಗಂಟಿಕ್ಕದೆ ಇರುತ್ತದೆಯೆ?

ಯಮನಪ್ಪ ರಟ್ಟು ಹಾಸಿಕೊಂಡು ಕಾರಿನಡಿ ಒಂದು ಗಂಟೆ ಮಲಗಿದ. ಹೊರಗೆ ಬಂದು, ಗೇರ್ ಹಾಕುವ ಸಲಾಕೆ ಪೆಟ್ಟಿಗೆಯೊಳಗೆ ಹೋಗುವ ಜಾಗದಲ್ಲಿ ರಬ್ಬರ್ ಸೀಲು ಕಲ್ಲಿನಂತಾಗಿದೆ, ಅಲ್ಲಿಂದ ಸೋರುತ್ತಿದೆ ಎಂದ. ಅಷ್ಟಕ್ಕೇ ಬಿಡದೆ, "ಗಾಡಿ ನಿಂತಾಗಷ್ಟ ಸೋರ್ತೈತ್ರಿ. ಓಡುವಾಗ ಇಲ್ಲ" ಎಂದು ಸೇರಿಸಿದ.

ಸುಬ್ರಹ್ಮಣ್ಯ ಅವರ ತಲೆಯಲ್ಲಿ ಮೊದಲ ಹುಳ ಹೊಕ್ಕದ್ದು ಆಗ. ಓಡುವಾಗ ಒತ್ತಡ ಬಿದ್ದು ಸೋರುವ ಯಂತ್ರವನ್ನು ಅವರು ಸಾವಿರ ನೋಡಿದ್ದರು. ನಿಂತಾಗ ಮಾತ್ರ ಸೋರುವ ಯಂತ್ರ ಎಲ್ಲಿದೆ?

ಯಮನಪ್ಪ ಸೀಲು ಬದಲಾಯಿಸಿದ. ಪೆಟ್ಟಿಗೆಯ ಕೆಳಗಿನ ತಟ್ಟೆಗೂ ಎಣ್ಣೆ ಜಿನುಗದಂತೆ ಹೊಸ ಕಾರ್ಕ್ ಗ್ಯಾಸ್ಕೆಟ್ ಹಾಕಿ, ಹದಿನಾಲ್ಕು ಬೋಲ್ಟನ್ನು ಎದುರು ಬದುರು ಬಿಗಿದ. ಪಂಕಜಾ ಅವರಿಗೆ ಎಂಜಿನ್ ಶುರು ಮಾಡಲು ಹೇಳಿ, ಅದು ಓಡುತ್ತಿರುವಾಗಲೇ ಎಣ್ಣೆ ಹಾಕಿ ಅಳತೆಕಡ್ಡಿ ಎಳೆದು ನೋಡಿದ. ಸುಬ್ರಹ್ಮಣ್ಯ ಮಾತ್ರ ಅವನ ಸ್ಪ್ಯಾನರ್ ಚೀಲದ ಪಕ್ಕ ನಿಂತು, ತಮ್ಮ ಮನೆಯ ಸಾಮಾನು ಅದರೊಳಗೆ ಹೋಗುತ್ತದೆಯೋ ಎಂದು ಕಾಯುತ್ತಿದ್ದರು.

ಹೊರಡುವ ಮುಂಚೆ ಯಮನಪ್ಪ, "ಮೂಲ್ಯಾಗ ಹಳೇ ಎಣ್ಣಿ ನಿಂತಿರ್ತೈತ್ರಿ, ನಾಕ ದಿನ ಒಂದೊಂದ ಹನಿ ಬೀಳ್ತೈತಿ. ಅಂಜಬ್ಯಾಡ್ರಿ. ಎಣ್ಣಿ ನೋಡೂದಾದ್ರ ಎಂಜಿನ್ ಚಾಲೂ ಇಟ್ಟು, ಬಿಸಿ ಆದ ಮ್ಯಾಲ ನೋಡ್ರಿ" ಎಂದ.

ಎರಡನೇ ಹುಳ, ಮೂರನೇ ಹುಳ ಒಟ್ಟಿಗೇ ಹೊಕ್ಕವು. ರಿಪೇರಿಯಾದ ಮೇಲೂ ಹನಿ ಬೀಳುತ್ತದೆ ಎಂದು ಮೊದಲೇ ಹೇಳಿಡುವವನು ಎಂಥವನು? ಇನ್ನು ಯಂತ್ರ ಓಡುವಾಗ ಎಣ್ಣೆ ನೋಡು ಎನ್ನುವುದಂತೂ ಶುದ್ಧ ಅಧರ್ಮ. ಕಾರ್ಖಾನೆಯ ಪ್ರತಿ ಲೇತಿನ ಎಣ್ಣೆಯ ಮಟ್ಟ ತೋರಿಸುವ ಗಾಜಿನ ಪಕ್ಕ ಅವರದೇ ವಿಭಾಗ ಅಂಟಿಸಿದ ಚೀಟಿ ಇತ್ತು: ಯಂತ್ರ ನಿಂತಿರಬೇಕು, ತಣ್ಣಗಿರಬೇಕು, ಪಾಳಿ ಶುರುವಾಗುವ ಮುಂಚೆ ನೋಡಬೇಕು. ಇದನ್ನು ಮೀರಿದ ಮೂವರಿಗೆ ಅವರು ಮೆಮೋ ಕೊಡಿಸಿದ್ದರು. ಎಣ್ಣೆ ಅಲ್ಲಾಡುವಾಗ ಅಳತೆ ನೋಡು ಎನ್ನುವವನಿಗೆ ಸರಿಯಾದ ಅಳತೆ ಬೇಡವಾಗಿದೆ ಎಂದೇ ಅರ್ಥ.

ಐದನೇ ದಿನ ಬೆಳಿಗ್ಗೆ ಆರಕ್ಕೆ, ಕಾಫಿಗೂ ಮುಂಚೆ, ಅವರು ಬಾನೆಟ್ ಎತ್ತಿದರು. ಅಳತೆಕಡ್ಡಿ ತುಕ್ಕು ಹಿಡಿದಿತ್ತು. ಅಳತೆಯ ಸಾಧನ ಕೊಳಕಾಗಿದ್ದರೆ ಅವರಿಗೆ ತಡೆಯದು, ಆದ್ದರಿಂದ ಎಮೆರಿ ಕಾಗದದಿಂದ ತಿಕ್ಕಿದರು. ಕಡ್ಡಿಯ ಮೇಲೆ ಏನೋ ಇಂಗ್ಲಿಷಿನ ಸಣ್ಣ ಅಕ್ಷರಗಳಿದ್ದವು. ತುಕ್ಕಿನ ಜೊತೆ ಅವೂ ಹೋದವು. ಬೆಳ್ಳಿಯ ಹಾಗೆ ಹೊಳೆಯುವ ಕಡ್ಡಿಯ ಮೇಲೆ ಆಳವಾಗಿ ಕೊರೆದ ಎರಡು ಗೆರೆ ಉಳಿದವು, ಒಂದು ಕಡಿಮೆಯದು, ಇನ್ನೊಂದು ಭರ್ತಿಯದು. ಕಡ್ಡಿ ಇಳಿಸಿ ಎತ್ತಿದರು. ಎಣ್ಣೆ ಭರ್ತಿಯ ಗೆರೆಗಿಂತ ಎರಡು ಬೆರಳು ಮೇಲಿತ್ತು.

ಕೆಳಗೆ ಬಗ್ಗಿ ನೋಡಿದರೆ ನೆಲದ ಮೇಲೆ ಎರಡು ಹನಿ.

"ಸಿಕ್ಕಿದೆಯಾ ಮಗನೇ" ಎಂದುಕೊಂಡರು ಸುಬ್ರಹ್ಮಣ್ಯ. ಎಲ್ಲ ಸ್ಪಷ್ಟವಾಗಿತ್ತು. ಅವನು ಬೇಕೆಂದೇ ಜಾಸ್ತಿ ಎಣ್ಣೆ ತುಂಬಿದ್ದಾನೆ. ಜಾಸ್ತಿಯಾದದ್ದು ಸೋರಲೇಬೇಕು, ಸೋರಿದರೆ ಇವರು ಮತ್ತೆ ಅವನನ್ನು ಕರೆಯಲೇಬೇಕು. ಇಂಥವರ ಬೇಳೆ ತಮ್ಮ ಮನೆಯಲ್ಲಿ ಬೇಯುವುದಿಲ್ಲ. ದನದ ಡಾಕ್ಟರರು ಬಳಸುವಂಥ ದೊಡ್ಡ ಸಿರಿಂಜಿಗೆ ತೆಳ್ಳನೆಯ ರಬ್ಬರ್ ಕೊಳವೆ ಸಿಕ್ಕಿಸಿ, ಭರ್ತಿಯ ಗೆರೆಗೆ ಬರುವವರೆಗೆ ಎಣ್ಣೆ ಹೀರಿ ತೆಗೆದರು. ಅದನ್ನು ನೀರಿನ ಬಾಟಲಿಗೆ ತುಂಬಿ, ಚೀಟಿ ಅಂಟಿಸಿದರು: ತಾರೀಕು, ಹೊತ್ತು, ಎಷ್ಟು ಜಾಸ್ತಿ, ಸಹಿ. ಕಾರ್ಖಾನೆಯಲ್ಲಿ ತಿರಸ್ಕರಿಸಿದ ಮಾಲಿನ ಮಾದರಿಯನ್ನು ಹೀಗೇ ಇಟ್ಟುಕೊಳ್ಳುತ್ತಿದ್ದರು. ಬಾಟಲಿಯನ್ನು ಶೆಡ್ಡಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹೆಂಡತಿಗೆ ಹೇಳಲಿಲ್ಲ. ಪುರಾವೆ ಪೂರ್ತಿಯಾಗುವ ತನಕ ಯಾರಿಗೂ ಹೇಳಬಾರದು, ಇದೂ ಒಂದು ನಿಯಮವೇ.

ಆ ವಾರವೇ ಕಾರು ಹಿಂದಕ್ಕೆ ಹೋಗಲು ತಡವರಿಸಿತು. ಗೇರ್ ಹಾಕಿದರೆ ಒಂದೆರಡು ಕ್ಷಣ ಸುಮ್ಮನಿದ್ದು ಆಮೇಲೆ ಹಿಡಿಯಿತು. ಪಂಕಜಾ ಫೋನ್ ಮಾಡಿದರು. ಯಮನಪ್ಪ ಬಂದು, ಎಂಜಿನ್ ಓಡಿಸಿ ನೋಡಿ, "ಎಣ್ಣಿ ಕಡಿಮಿ ಐತ್ರಿ ಅಮ್ಮಾರ" ಎಂದು ಅರ್ಧ ಲೀಟರಿಗೂ ಹೆಚ್ಚು ಸುರಿದು ಹೋದ. ಕಡಿಮೆಯಂತೆ! ಸುಬ್ರಹ್ಮಣ್ಯ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಎರಡು ಬೆರಳು ಜಾಸ್ತಿ. ಎರಡನೇ ಬಾಟಲಿ ತುಂಬಿತು.

ಅದಾದ ಮಂಗಳವಾರ ಪಂಕಜಾ ಒಬ್ಬರೇ ಗೊರಗುಂಟೆಪಾಳ್ಯಕ್ಕೆ ಹೊರಟಿದ್ದರು. ಮೇಲ್ಸೇತುವೆಯ ಏರಿನ ನಡುವೆ ಎಂಜಿನ್ ಗರ್ಜಿಸಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಗೇರ್ ಹಿಡಿತ ಬಿಟ್ಟಿತ್ತು. ಹಿಂದೆ ಲಾರಿಗಳು. ಇಪ್ಪತ್ತು ನಿಮಿಷದ ಮೇಲೆ ಪೊಲೀಸರ ಗಾಡಿ ಬಂದು ಎಳೆದು ಕೆಳಗಿಳಿಸಿತು. ಮನೆಗೆ ಬಂದಾಗ ಪಂಕಜಾ ಅವರ ರವಿಕೆ ಬೆವರಿನಲ್ಲಿ ತೊಯ್ದಿತ್ತು. ಏನಾಯಿತೆಂದು ಕೇಳಿದರೆ, "ನಿಂತುಹೋಯ್ತು" ಎಂದಷ್ಟೇ ಹೇಳಿ ಕೋಣೆಗೆ ಹೋದರು.

ಸುಬ್ರಹ್ಮಣ್ಯ ಅವರ ಸಿಟ್ಟು ಕೂಡಲೇ ಯಮನಪ್ಪನ ಕಡೆ ತಿರುಗಿತು. ಒಳಗೆ ಏನನ್ನೋ ಸಡಿಲ ಮಾಡಿಟ್ಟಿದ್ದಾನೆ! ಯಮನಪ್ಪ ಮಾತ್ರ ನಿಜವಾಗಿಯೂ ತಲೆ ಕೆರೆದುಕೊಳ್ಳುತ್ತಿದ್ದ. "ಎಣ್ಣಿ ಮತ್ತ ಇಳದೈತ್ರಿ. ಎಲ್ಲಿ ಹೊಂಟೈತಿ ಗೊತ್ತಾಗವಲ್ದು. ಪೆಟಿಗಿ ಇಳಿಸಿ ಬಿಚ್ಚೇ ನೋಡ್ಬೇಕು" ಎಂದ. ಮೂರು ಭಾನುವಾರ ಅವನು ಆ ಶೆಡ್ಡಿನಲ್ಲಿ ಕೂತು ಗೇರ್‌ಬಾಕ್ಸ್ ಬಿಚ್ಚಿದ. ಒಂದೊಂದು ತುಂಡನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟು, ಇದ್ದಬದ್ದ ಸೀಲನ್ನೆಲ್ಲ ಬದಲಾಯಿಸಿದ. ಪಕ್ಕದಲ್ಲೇ ಕುರ್ಚಿ ಹಾಕಿ ಕೂತ ಸುಬ್ರಹ್ಮಣ್ಯ ತುಂಡುಗಳನ್ನು ಎಣಿಸಿ ಬರೆದುಕೊಂಡರು, ಅವನು ಮಧ್ಯಾಹ್ನ ರೊಟ್ಟಿ ತಿನ್ನಲು ಎದ್ದಾಗ ಮತ್ತೊಮ್ಮೆ ಎಣಿಸಿದರು. ಒಂದೂ ಕಡಿಮೆ ಬರಲಿಲ್ಲ. ಅದು ಅವರಿಗೆ ಇನ್ನೂ ಅನುಮಾನ ತಂದಿತು.

ಮೂರನೇ ಭಾನುವಾರ ಎಲ್ಲ ಜೋಡಿಸಿ, ಎಣ್ಣೆ ತುಂಬಿ ಅವನು ಹೋದ ಮೇಲೆ, ಸುಬ್ರಹ್ಮಣ್ಯ ಅರವತ್ತಾರನೇ ವಯಸ್ಸಿನಲ್ಲಿ ಕಾರಿನಡಿ ನುಸುಳಿ, ಹದಿನಾಲ್ಕು ಬೋಲ್ಟಿನ ಮೇಲೂ ಹಳದಿ ಗೆರೆ ಎಳೆದರು. ಮೂರನೇ ಬಾಟಲಿ ಆ ವಾರ ತುಂಬಿತು.

ಮತ್ತೆ ಕಾರು ತಡವರಿಸಿತು. ಈ ಸಲ ಯಮನಪ್ಪ ಮುಖದ ಪೌಡರಿನ ಡಬ್ಬಿ ತಂದಿದ್ದ. ಗೇರ್‌ಬಾಕ್ಸನ್ನು ಪೂರ್ತಿ ಒರೆಸಿ ಒಣಗಿಸಿ, ಎಣ್ಣೆಯನ್ನು ಭರ್ತಿ ಮಾಡಿ, ಪೆಟ್ಟಿಗೆಯ ಸುತ್ತ ಪೌಡರ್ ಉದುರಿಸಿದ. ಎಲ್ಲಿ ಸೋರುತ್ತದೋ ಅಲ್ಲಿ ಬಿಳಿಯ ಮೇಲೆ ಕೆಂಪು ಕಾಣಲೇಬೇಕು, ಒಂದು ವಾರ ಹೀಗೇ ಇರಲಿ ಎಂದ. ಕಾರಿನಡಿಯಿಂದ ಹೊರಗೆ ಬಂದವನು ಕೈ ಒರೆಸಿಕೊಳ್ಳುತ್ತ, "ಬೋಲ್ಟಿನ ಮ್ಯಾಲ ಹಳದಿ ಗೆರಿ ಏನ್ರಿ ಸಾಹೇಬ್ರ?" ಎಂದು ಕೇಳಿದ.

"ಇನ್‌ಸ್ಪೆಕ್ಷನ್ ಮಾರ್ಕ್. ಯಾರಾದ್ರೂ ಕೈ ಹಾಕಿದ್ರೆ ಗೊತ್ತಾಗ್ಲಿ ಅಂತ."

ಯಾರಾದರೂ ಎಂದರೆ ಯಾರು ಎಂದು ಯಮನಪ್ಪನಿಗೆ ತಿಳಿಯದಿರಲಿಲ್ಲ. "ಛಲೋ ಪದ್ಧತಿ ಐತ್ರಿ" ಎಂದು ಚೀಲ ಎತ್ತಿಕೊಂಡು ಹೋದ.

ಸುಬ್ರಹ್ಮಣ್ಯ ಎಂದಿನಂತೆ ಮೂರನೇ ದಿನ ಬೆಳಿಗ್ಗೆ ಕಡ್ಡಿ ಇಳಿಸಿದರು, ಎಂದಿನಂತೆ ಜಾಸ್ತಿಯಿತ್ತು, ಎಂದಿನಂತೆ ತೆಗೆದರು. ಪೌಡರಿನ ಮೇಲೆ ಒಂದು ಹನಿಯೂ ಬೀಳದಂತೆ ಎಚ್ಚರ ವಹಿಸಿದರು. ಅದು ನಾಲ್ಕನೇ ಬಾಟಲಿ.

ಶನಿವಾರ ಯಮನಪ್ಪ ಬಂದು ಟಾರ್ಚ್ ಹಾಕಿ ನೋಡಿದ. ಪೆಟ್ಟಿಗೆ ಬೆಳ್ಳಗೆ, ಒಣಗಿಕೊಂಡು, ಹಾಗೇ ಇತ್ತು. ಎಂಜಿನ್ ಓಡಿಸಿ ಕಡ್ಡಿ ನೋಡಿದ; ಎಣ್ಣೆ ಇಳಿದಿತ್ತು. ಅವನು ಕಡ್ಡಿ ಒರೆಸಿದ, ಮತ್ತೆ ನೋಡಿದ, ಮತ್ತೆ ಒರೆಸಿದ. ಮುಖ ಸಣ್ಣದಾಯಿತು. ಎಷ್ಟು ಕಡಿಮೆಯೋ ಅಷ್ಟು ಎಣ್ಣೆ ಹಾಕಿ ಕಡ್ಡಿಯನ್ನು ಜಾಗದಲ್ಲಿಟ್ಟ.

"ಸೋರೂದಿಲ್ಲ, ಆದ್ರ ಎಣ್ಣಿ ಇಲ್ಲ" ಎಂದ ಪಂಕಜಾ ಅವರ ಕಡೆ ತಿರುಗಿ. "ನನ್ನ ಕೈಲೆ ಆಗೂದಿಲ್ರಿ ಅಮ್ಮಾರ. ಇದನ್ನ ತಗೊಂಡು ಏರ್ ಮ್ಯಾಲ ಹೋಗಬ್ಯಾಡ್ರಿ. ನಡಬರಕ ನಿಂತ್ರ ಜೀವಕ್ಕ ಅಪಾಯ."

ಪಂಕಜಾ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು. "ಆಯ್ತಪ್ಪ" ಎಂದರು. ಒಳಗೆ ಹೋಗಿ ಲಿಖಿತ್‌ಗೆ ಫೋನ್ ಮಾಡಿದರು. ಈ ಲಿಖಿತ್ ವೈಟ್‌ಫೀಲ್ಡಿನಲ್ಲಿ ಒಂದು ದೊಡ್ಡ ಬಿಯರ್ ಹೋಟೆಲು ನಡೆಸುವ ಹುರುಪಿನ ಯುವಕ. ಒಂದು ವರ್ಷದಿಂದ ಈ ಕಾರಿನ ಬೆನ್ನು ಬಿದ್ದಿದ್ದ. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಕಿತ್ತುಹಾಕಿ, ಒಳಗೆ ಮೇಜು ಹಾಕಿ, ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಿದರೆ ಜನ ಅದರಲ್ಲಿ ಕೂತು ಸೆಲ್ಫಿ ತೆಗೆದುಕೊಳ್ಳುತ್ತಾರೆ ಎಂಬುದು ಅವನ ಯೋಜನೆ. ಪಂಕಜಾ ಅವನಿಗೆ ಪ್ರತಿಸಲ ನಯವಾಗಿ ಬಾಗಿಲು ತೋರಿಸಿದ್ದರು. ಈಗ, "ನಾಳೆ ಹತ್ತು ಗಂಟೆಗೆ ಬಂದು ತಗೊಂಡ್ಹೋಗಿ" ಎಂದರು. ಫೋನಿಟ್ಟು ಅಡುಗೆಮನೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಹುರುಳಿಕಾಯಿ ಮುರಿಯತೊಡಗಿದರು. ಆವತ್ತು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಆದರೆ ಸುಬ್ರಹ್ಮಣ್ಯ ಅವರ ತಲೆ ಸುಮ್ಮನಿರಬೇಕಲ್ಲ! ಅವರಿಗೆ ಈಗ ಕೊನೆಯ ಕೊಂಡಿಯೂ ಸಿಕ್ಕಿತ್ತು. ಲಿಖಿತ್‌ಗೆ ಕಾರು ಬೇಕು, ಯಮನಪ್ಪ ಕಾರು ಓಡಿಸಬೇಡಿ ಎನ್ನುತ್ತಾನೆ. ಇಬ್ಬರೂ ಒಂದೇ! ಎರಡು ತಿಂಗಳಿಂದ ನಡೆದ ನಾಟಕವೆಲ್ಲ ಇದಕ್ಕೇ. ಎಣ್ಣೆ ತುಂಬಿ ತುಳುಕುತ್ತಿರುವಾಗ ಕಡಿಮೆ ಎಂದು ಹೆದರಿಸಿ ಹೆಂಡತಿಯ ಕೈಯಿಂದ ಕಾರು ಬಿಡಿಸಿದ್ದಾನೆ. ಪುರಾವೆ ಹೊರಗಿಡುವ ಹೊತ್ತು ಬಂದಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವರು ಪಂಕಜಾ ಅವರನ್ನು ಶೆಡ್ಡಿಗೆ ಕರೆದರು. "ಬಾ, ನಿನ್ನ ಕಣ್ಣಾರೆ ನೋಡು. ಅವನು ನಿನ್ನೆ ಎಣ್ಣೆ ಇಳಿದಿದೆ ಅಂದನಲ್ಲ?" ಬಾನೆಟ್ ಎತ್ತಿ ಕಡ್ಡಿ ಎಳೆದು, ಒರೆಸಿ, ಇಳಿಸಿ, ತೆಗೆದು ಅವರ ಮುಖದ ಮುಂದೆ ಹಿಡಿದರು. ಭರ್ತಿಯ ಗೆರೆಗಿಂತ ಎರಡು ಬೆರಳು ಮೇಲೆ ಕೆಂಪೆಣ್ಣೆ ಮಿನುಗುತ್ತಿತ್ತು. "ನೋಡ್ದ್ಯಾ? ಮೊದಲಿಂದ್ಲೂ ಹಿಂಗೇ. ಮೋಸ ಮಾಡ್ತಿದಾನೆ. ನನ್ನ ಹತ್ರ ಎಲ್ಲ ರೆಕಾರ್ಡ್ ಇದೆ."

ಪಂಕಜಾ ಕಡ್ಡಿಯನ್ನು ನೋಡಿದರೋ ಇಲ್ಲವೋ. "ಇರಲಿ ಬಿಡಿ. ಈಗ ಯಾಕೆ ಅದೆಲ್ಲ" ಎಂದರು. ನಿಧಾನಕ್ಕೆ ಕಾಲೆಳೆದುಕೊಂಡು ಹೋಗಿ ಚಾಲಕನ ಸೀಟಿನಲ್ಲಿ ಕುಳಿತರು. "ಕೊನೇ ಸಲ ಒಂದ್ಸಲ ಸ್ಟಾರ್ಟ್ ಮಾಡ್ತೀನಿ. ಶಬ್ದ ಕೇಳ್ಬೇಕು ಅನ್ನಿಸ್ತಿದೆ."

ಎಂಜಿನ್ ಗುರುಗುಟ್ಟಿ ಹದಕ್ಕೆ ಬಂತು. ಎತ್ತಿದ ಬಾನೆಟ್ಟಿನ ಆಚೆ ಪಂಕಜಾ ಕಾಣುತ್ತಿರಲಿಲ್ಲ. ಸುಬ್ರಹ್ಮಣ್ಯ ಒಂದಷ್ಟು ಹೊತ್ತು ನಿಂತಿದ್ದರು. ಅವಳು ಸರಿಯಾಗಿ ನೋಡಲೇ ಇಲ್ಲವಲ್ಲ, ಇಳಿದ ಮೇಲೆ ಇನ್ನೊಮ್ಮೆ ತೋರಿಸಿದರಾಯಿತು ಎಂದು, ಎಂಜಿನ್ ಓಡುತ್ತಿದೆ ಎಂಬುದನ್ನು ಮರೆತು, ಕಡ್ಡಿಯನ್ನು ಮತ್ತೆ ಇಳಿಸಿ ಎತ್ತಿದರು.

ಎಣ್ಣೆ ಭರ್ತಿಯ ಗೆರೆಯ ಮೇಲೇ ಇತ್ತು, ಒಂದು ಕೂದಲೂ ಹೆಚ್ಚಿಲ್ಲ.

ಒರೆಸಿ ಮತ್ತೆ ಇಳಿಸಿದರು. ಅದೇ ಗೆರೆ. ಇನ್ನೊಮ್ಮೆ. ಅದೇ ಗೆರೆ. ಒಂದು ಹನಿಯೂ ನೆಲಕ್ಕೆ ಬಿದ್ದಿರಲಿಲ್ಲ, ಯಾರೂ ಮುಟ್ಟಿರಲಿಲ್ಲ, ಆದರೂ ಎರಡು ಬೆರಳು ಎಣ್ಣೆ ಎಲ್ಲಿಗೆ ಹೋಯಿತು? ಮೂವತ್ತನಾಲ್ಕು ವರ್ಷ ಯಂತ್ರಗಳ ಜೊತೆ ಕಳೆದ ಬುದ್ಧಿ ಅದು, ದಾರಿ ತಪ್ಪಿದ್ದರೂ ಮಂದವಾಗಿರಲಿಲ್ಲ. ಬಿಚ್ಚಿದ್ದಾಗ ಬಿಳಿ ಬಟ್ಟೆಯ ಮೇಲೆ ಅವರೇ ಎಣಿಸಿದ್ದ, ಬುಟ್ಟಿಯಂಥ ಆ ದೊಡ್ಡ ಟೊಳ್ಳು ಡ್ರಮ್ಮು ಕಣ್ಣ ಮುಂದೆ ಬಂತು. ಎಂಜಿನ್ ಓಡಿದಾಗ ಪಂಪು ಎಣ್ಣೆಯನ್ನು ಎತ್ತಿ ಅದಕ್ಕೆ ತುಂಬುತ್ತದೆ. ನಿಂತಾಗ ಅದು ಮೆಲ್ಲಗೆ ಕೆಳಗಿನ ತಟ್ಟೆಗೆ ಇಳಿಯುತ್ತದೆ, ತಟ್ಟೆಯ ಮಟ್ಟ ಏರಿ ಸೀಲು ಮುಳುಗುತ್ತದೆ. ಅದಕ್ಕೇ ಇದು ನಿಂತಾಗ ಮಾತ್ರ ಸೋರುತ್ತಿದ್ದದ್ದು. ಯಮನಪ್ಪ ಮೊದಲ ದಿನ ಹೇಳಿದ ಒಂದೊಂದು ಮಾತೂ ನಿಜ. ಎಂಜಿನ್ ಓಡುವಾಗ ನೋಡಿ ಎಂದೇ ತಾವು ತಿಕ್ಕಿಹಾಕಿದ ಆ ಸಣ್ಣ ಅಕ್ಷರಗಳಲ್ಲೂ ಇದ್ದಿರಬೇಕು. ಸೋರಿಕೆ ಮೊದಲ ದಿನವೇ ನಿಂತಿತ್ತು. ಆಮೇಲೆ ಎಣ್ಣೆ ಕದ್ದವರು ಒಬ್ಬರೇ, ಮತ್ತು ಆ ಕಳ್ಳ ಕದ್ದದ್ದಕ್ಕೆಲ್ಲ ತಾರೀಕು ಬರೆದು, ಸಹಿ ಹಾಕಿ, ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದ.

ಸುಬ್ರಹ್ಮಣ್ಯ ಕಡ್ಡಿಯನ್ನು ಒರೆಸಿ ಜಾಗದಲ್ಲಿಟ್ಟರು.

"ಏನ್ರೀ, ಇಷ್ಟೊತ್ತು ಏನ್ಮಾಡ್ತಿದೀರಾ?" ಬಾನೆಟ್ಟಿನ ಆಚೆಯಿಂದ ಪಂಕಜಾ ಕೇಳಿದರು.

ಸುಮ್ಮನಿದ್ದುಬಿಡಬಹುದಿತ್ತು. ಹತ್ತಕ್ಕೆ ಲಿಖಿತ್‌ನ ಲಾರಿ ಬರುತ್ತದೆ, ಕಾರು ಹೋಗುತ್ತದೆ, ಕಾರಿನ ಜೊತೆ ಸಾಕ್ಷಿಯೂ. ಬಾಟಲಿಗಳನ್ನು ಚರಂಡಿಗೆ ಸುರಿದರೆ ಜಗತ್ತಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಯಮನಪ್ಪ ಸೋತವನಾಗಿ ಉಳಿಯುತ್ತಾನೆ, ಇವರು ಎಚ್ಚರದ ಮನುಷ್ಯರಾಗಿ ಉಳಿಯುತ್ತಾರೆ. ಆ ಯೋಚನೆ ಬಂದದ್ದು ನಿಜ, ಒಂದು ನಿಮಿಷ ನಿಂತದ್ದೂ ನಿಜ. ಆಗ ಪಂಕಜಾ ಎಂಜಿನ್ ಆರಿಸಿ, ಸ್ಟಿಯರಿಂಗನ್ನು ಸೀರೆಯ ಸೆರಗಿನಿಂದ ಒರೆಸುವ ಸದ್ದು ಕೇಳಿಸಿತು. ಕೊಟ್ಟುಕಳಿಸುವ ಮುಂಚೆ ಸ್ವಚ್ಛ ಮಾಡುತ್ತಿದ್ದರು.

ಸುಬ್ರಹ್ಮಣ್ಯ ಕಪಾಟಿನ ಬೀಗ ತೆಗೆದರು. ನಾಲ್ಕು ಬಾಟಲಿಯನ್ನೂ ಎದೆಗವಚಿಕೊಂಡು ಬಂದು ಪಕ್ಕದ ಸೀಟಿನ ಮೇಲೆ ಸಾಲಾಗಿ ಇಟ್ಟರು.

"ಕಾರಲ್ಲಿ ಏನೂ ಕೆಟ್ಟಿಲ್ಲ, ಪಂಕಜಾ. ಎಣ್ಣೆ ತೆಗೀತಿದ್ದೋನು ನಾನು."

ಪಂಕಜಾ ಒಂದು ಬಾಟಲಿ ಎತ್ತಿಕೊಂಡು ಚೀಟಿ ಓದಿದರು. ಗಂಡನ ಗುಂಡು ಅಕ್ಷರ, ಸಹಿ. ಎರಡನೆಯದನ್ನು ಎತ್ತಿಕೊಂಡರು. ಅದರ ತಾರೀಕಿನ ಮೇಲೆ ಬೆರಳಿಟ್ಟು ಕೂತರು.

"ಇದು ಭಾನುವಾರ. ನಾನು ಮೇಲ್ಸೇತುವೆ ಮೇಲೆ ನಿಂತಿದ್ದು ಮಂಗಳವಾರ" ಎಂದರು.

"ಹೌದು."

"ಹಿಂದೆ ಲಾರಿಯವ್ನು ಹಾರ್ನ್ ಮೇಲಿಂದ ಕೈ ತೆಗೀಲಿಲ್ಲ. ಬೇರೆಯವ್ರಾದ್ರೆ ಇಳಿದು ಪಕ್ಕಕ್ಕೆ ಓಡ್ತಿದ್ರು. ನನಗೆ ಓಡಕ್ಕಾಗಲ್ಲ. ಒಳಗೇ ಕೂತಿದ್ದೆ, ಯಾವ ಕ್ಷಣ ಬಂದು ಗುದ್ದುತ್ತೋ ಅಂತ. ಇಪ್ಪತ್ತು ನಿಮಿಷ." ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎನಿಸಿತು ಸುಬ್ರಹ್ಮಣ್ಯ ಅವರಿಗೆ. "ನಿಮಗೆ ಅವನ ಮೇಲೆ ಅನುಮಾನ ಇತ್ತು. ಸರಿ. ನನಗೆ ಯಾಕೆ ಹೇಳ್ಲಿಲ್ಲ? ನನ್ನ ಮೇಲೂ ಇತ್ತಾ?"

ಸುಬ್ರಹ್ಮಣ್ಯ ಅವರ ಕಣ್ಣು ತುಂಬಿ ಬಂತು. ಮುಚ್ಚಿಕೊಳ್ಳಲು ಕರವಸ್ತ್ರ ಹುಡುಕಿದರೆ ಜೇಬಿನಲ್ಲಿ ಬಣ್ಣದ ಸೀಸೆಯೊಂದೇ ಇತ್ತು.

ಪಂಕಜಾ ಲಿಖಿತ್‌ಗೆ ಫೋನ್ ಮಾಡಿ, ಬರಬೇಡಿ, ಕ್ಷಮಿಸಿ ಎಂದರು. ಆಮೇಲೆ, "ಬಾಟಲಿ ತೊಡೆ ಮೇಲೆ ಇಟ್ಕೊಂಡು ಕೂತ್ಕೊಳ್ಳಿ. ಯಮನಪ್ಪನ ಹತ್ರ ಹೋಗೋಣ. ನಿಮ್ಮ ಬಾಯಲ್ಲೇ ನೀವು ಹೇಳ್ಬೇಕು" ಎಂದರು.

ಮೂರನೇ ಹಂತದ ತಗಡಿನ ಶೆಡ್ಡಿನ ಮುಂದೆ ಹಡಗು ನಿಂತಾಗ ಯಮನಪ್ಪ ಒಳಗಿಂದ ಓಡಿ ಬಂದ. ಮತ್ತೇನು ಕೆಟ್ಟಿತೋ ಎಂಬ ಗಾಬರಿ ಅವನ ಮುಖದ ಮೇಲಿತ್ತು. ಸುಬ್ರಹ್ಮಣ್ಯ ಇಳಿದು, ಅವನ ಕೆಲಸದ ಬೆಂಚಿನ ಮೇಲೆ ಬಾಟಲಿಗಳನ್ನಿಟ್ಟು, ಮೊದಲಿಂದ ಕೊನೆಯ ತನಕ ಒಂದನ್ನೂ ಬಿಡದೆ ಹೇಳಿದರು. ಎಮೆರಿ ಕಾಗದದಿಂದ ಕಡ್ಡಿಯ ಅಕ್ಷರ ತಿಕ್ಕಿಹಾಕಿದ್ದನ್ನೂ, ಅವನು ರೊಟ್ಟಿ ತಿನ್ನುವಾಗ ತುಂಡುಗಳನ್ನು ಎಣಿಸಿದ್ದನ್ನೂ ಹೇಳಿದರು. ಶೆಡ್ಡಿನ ಹಿಂದಿನ ಕೋಣೆಯ ಬಾಗಿಲಲ್ಲಿ ಬಸಕ್ಕ ಬಂದು ನಿಂತು ಕೇಳಿಸಿಕೊಂಡಳು.

ಯಮನಪ್ಪ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದ. ಮುಚ್ಚಳ ತೆಗೆದು ಮೂಸಿದ. "ಸ್ವಲ್ಪ ಸುಟ್ಟ ವಾಸನಿ ಐತ್ರಿ. ಒಳಗಿನ ಪ್ಲೇಟು ತುಸು ಸವದಾವು, ಆದ್ರ ಉಳದಾವು" ಎಂದ. ಮುಚ್ಚಳ ತಿರುಗಿಸಿ ಹಾಕಿ ಬಾಟಲಿಯನ್ನು ಬೆಂಚಿನ ಮೇಲಿಟ್ಟ. ಆಮೇಲೆ, "ನನ್ನ ಕೈ ಕೆಟ್ಟಾವು ಅಂದಕೊಂಡಿದ್ನಿರಿ ಸಾಹೇಬ್ರ" ಎಂದ. "ರಾತ್ರಿ ಇವಳಿಗೂ ಅದನ್ನ ಹೇಳೀನಿ. ಇನ್ನ ದೊಡ್ಡ ಪ್ರೆಸ್ ಒಪ್ಪಗೊಳ್ಳೂದ ಬ್ಯಾಡ, ಅದರೊಳಗ ಕೈ ಇಟ್ಟು ಮಂದಿ ಕೆಲಸ ಮಾಡ್ತಿರ್ತಾರ, ನನಗ ಸೋರಿಕಿನ ಹಿಡ್ಯಾಕ ಬರವಲ್ದು ಅಂದಿದ್ನಿ."

"ತಪ್ಪಾಯ್ತು ಯಮನಪ್ಪ" ಎಂದರು ಸುಬ್ರಹ್ಮಣ್ಯ. ಇಡೀ ನೌಕರಿಯಲ್ಲಿ ಅವರು ಯಾರಿಗೂ ಹೇಳದಿದ್ದ ಮಾತು.

ಯಮನಪ್ಪ ಪರವಾಗಿಲ್ಲ ಎನ್ನಲಿಲ್ಲ. ಎಂಜಿನ್ ಶುರು ಮಾಡಿಸಿ ಕಡ್ಡಿ ಎಳೆದು ನೋಡಿದ, ಸರಿಯಾಗಿತ್ತು. ಕಡ್ಡಿಯನ್ನು ಜಾಗದಲ್ಲಿಟ್ಟು, ಸುಬ್ರಹ್ಮಣ್ಯ ಅವರ ಮುಂದೆ ಅಂಗೈ ಚಾಚಿದ.

"ಆ ಹಳದಿ ಬಣ್ಣ ಕೊಡ್ರಿ."

ಅವರು ಜೇಬಿನಿಂದ ಸೀಸೆ ತೆಗೆದು ಕೊಟ್ಟರು. ಯಮನಪ್ಪ ಅದರ ಕುಂಚದಿಂದ ಅಳತೆಕಡ್ಡಿಯ ಹಿಡಿಯಿಂದ ಕೊಳವೆಯವರೆಗೆ ಒಂದು ಗೆರೆ ಎಳೆದ. ದಪ್ಪ ಗೆರೆ, ಅಂದವಾಗಿರಲಿಲ್ಲ, ಆದರೆ ಎಲ್ಲೂ ಮುರಿಯದೆ ಕೂತಿತ್ತು.

"ತಿಂಗಳಿಗೊಮ್ಮಿ ನಾ ಬಂದು ನೋಡ್ತೀನ್ರಿ ಅಮ್ಮಾರ. ಅಷ್ಟರಾಗ ಈ ಗೆರಿ ಒಡದಿದ್ರ, ಯಾರು ಅಂತ ಹುಡುಕೂದ ಬ್ಯಾಡ" ಎಂದ.

ಪಂಕಜಾ ಅವನ ಕೈಯಿಂದ ಸೀಸೆ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. ಸುಬ್ರಹ್ಮಣ್ಯ ಒಣಗುತ್ತಿರುವ ಗೆರೆಯನ್ನೇ ನೋಡುತ್ತಿದ್ದರು. ಆಮೇಲೆ ತಾವೇ ಬಾನೆಟ್ ಇಳಿಸಿ, ಸದ್ದಾಗದಂತೆ ಒತ್ತಿ ಮುಚ್ಚಿ, ಹೋಗಿ ಪಕ್ಕದ ಸೀಟಿನಲ್ಲಿ ಕುಳಿತರು. ಪಂಕಜಾ ಗೇರ್ ಹಾಕಿದರು. ಹಿಡಿಯಿತು. ಮನೆಯ ದಾರಿ ಎಡಕ್ಕಿತ್ತು, ಅವರು ಬಲಕ್ಕೆ, ಮೇಲ್ಸೇತುವೆಯ ಕಡೆ ತಿರುಗಿಸಿದರು.